ಹಗಲಲ್ಲೂ ಲೈಟ್ ಹಚ್ಚಿಸುವ ಕಿಡಕಿಗಳು

ವಿಜಯಪುರದಂಥ ಬಿಸಿಲೂರಲ್ಲಿ, ಏಪ್ರಿಲ್ ತಿಂಗಳ ನಡುಮಧ್ಯಾಹ್ನವೂ ಎಷ್ಟೋ ಆಫೀಸುಗಳಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿರುತ್ತವೆ. ಕರೆಂಟ್ ಉಳಿಸಿ ಎಂದು ಸಿಬ್ಬಂದಿಗೆ ಸುತ್ತೋಲೆ ಕಳಿಸುವ ಮೊದಲು ಕಿಡಕಿ ಎತ್ತ ಮುಖ ಮಾಡಿದೆ ನೋಡಿ.

ಪಶ್ಚಿಮದ ಕಿಡಕಿಯಿಂದ ನಾಲ್ಕು ಗಂಟೆಯ ಇಳಿಬಿಸಿಲು ಸೀದಾ ಮಾನಿಟರ್ ಮೇಲೆ ಬೀಳುತ್ತದೆ. ಅಲ್ಲಿ ಕೂತವರು ಪರದೆ ಎಳೆಯುತ್ತಾರೆ, ತಪ್ಪೇನಿಲ್ಲ. ಆದರೆ ಮರುದಿನ ಬೆಳಗ್ಗೆ ಅದನ್ನು ಸರಿಸುವವರು ಯಾರೂ ಇಲ್ಲ. ಲೈಟ್ ಹಚ್ಚಿದರೆ ಕೆಲಸ ಸಾಗುತ್ತದಲ್ಲ! ಹೀಗೆ ಒಮ್ಮೆ ಮುಚ್ಚಿದ ಪರದೆ ತಿಂಗಳುಗಟ್ಟಲೆ ಮುಚ್ಚಿಯೇ ಇರುತ್ತದೆ. ಎರಡಡಿ ಸಜ್ಜಾ ಇದಕ್ಕೆ ಮದ್ದಲ್ಲ. ಆ ಹೊತ್ತಿಗೆ ಸೂರ್ಯ ಸಜ್ಜಾಕ್ಕಿಂತ ಕೆಳಗಿಂದ ಒಳಗೆ ಬರುತ್ತಾನೆ. ಪಶ್ಚಿಮಕ್ಕೆ ಜಾಲಿ (ತೂತುತೂತಿನ ಗೋಡೆ) ಅಥವಾ ನಿಲುವು ಫಿನ್ (ಕಿಡಕಿಯ ಹೊರಗೆ ನೆಟ್ಟಗೆ ನಿಲ್ಲಿಸಿದ ಪಟ್ಟಿ) ಬೇಕು. ಹೊಸ ಕಟ್ಟಡವಾದರೆ ಆ ದಿಕ್ಕಿಗೆ ಮೆಟ್ಟಿಲು, ಶೌಚಾಲಯ, ದಾಸ್ತಾನು ಕೋಣೆ ಹಾಕಿ, ದೊಡ್ಡ ಕಿಡಕಿಗಳನ್ನು ಉತ್ತರ–ದಕ್ಷಿಣಕ್ಕೆ ಇಡಿ. ಆ ಕಿಡಕಿಯನ್ನೂ ಎರಡು ಭಾಗ ಮಾಡಿ: ನೆಲದಿಂದ 3ರಿಂದ 7 ಅಡಿವರೆಗೆ ಒಂದು, ಅದರ ಮೇಲೆ ಒಂದೂವರೆ ಅಡಿಯ ಇನ್ನೊಂದು. ಪರದೆಯ ರಾಡ್ 7 ಅಡಿಗೇ ನಿಲ್ಲಲಿ. ಕೆಳಗೆ ಎಷ್ಟೇ ಮುಚ್ಚಿದರೂ ಮೇಲಿನ ಬೆಳಕು ಛತ್ತಿಗೆ ಬಡಿದು ಒಳಗೆ ಬರುತ್ತದೆ. ಹಳೆಯ ಕಟ್ಟಡದಲ್ಲಿ ಮೇಜನ್ನಷ್ಟೇ ತಿರುಗಿಸಿ, ಕಿಡಕಿ ಕೂತವರ ಮಗ್ಗುಲಿಗೆ ಬರಲಿ. ಇದಕ್ಕೆ ಖರ್ಚೇ ಇಲ್ಲ, ಆದರೂ ಮಾಡುವವರು ಕಡಿಮೆ.

ಸ್ವಿಚ್ಚಿನದೂ ಇದೇ ಕಥೆ. ಕಿಡಕಿಯಿಂದ ಒಳಗೋಡೆವರೆಗಿನ ಲೈಟುಗಳು ಒಂದೇ ಸ್ವಿಚ್ಚಿಗೆ ಸೇರಿದ್ದರೆ, ಒಳಗೆ ಕೂತವರಿಗೆ ಬೆಳಕು ಬೇಕಾದಾಗ ಕಿಡಕಿ ಪಕ್ಕದ್ದೂ ಉರಿಯುತ್ತದೆ. ವೈರಿಂಗ್ ಕಿಡಕಿಗೆ ಸಮಾಂತರವಾಗಿ, ಸಾಲಿಗೊಂದು ಸ್ವಿಚ್ಚಿನಂತೆ ಇರಲಿ. ಸ್ವಿಚ್ಚಿನ ಮೇಲೆ ‘ಕಿಡಕಿ ಸಾಲು’, ‘ಒಳಸಾಲು’ ಎಂದು ಬರೆಸಿ. ಛತ್ತಿಗೆ ಗಿಲಾವು ಆಗುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಇದನ್ನು ಹೇಳಬೇಕು.

ಹಗಲಿಡೀ ಕಾದ ಕಾಂಕ್ರೀಟ್ ತಣ್ಣಗಾಗಲು ರಾತ್ರಿ ಗಾಳಿ ಒಳಗಾಡಬೇಕು. ಆದರೆ ಸೊಳ್ಳೆ, ಕಳ್ಳರು, ಧೂಳು, ಅಕಾಲಿಕ ಮಳೆ ಇವಕ್ಕೆ ಅಂಜಿ ಎಲ್ಲರೂ ಕಿಡಕಿ ಹಾಕಿಯೇ ಹೋಗುತ್ತಾರೆ. ಆ ಅಂಜಿಕೆ ನ್ಯಾಯವಾದದ್ದೇ. ಅದಕ್ಕೇ ಎದುರುಬದುರು ಗೋಡೆಗಳಲ್ಲಿ 7 ಅಡಿ ಎತ್ತರಕ್ಕೆ ಗ್ರಿಲ್, ಸೊಳ್ಳೆಜಾಳಿಗೆ ಎರಡೂ ಇರುವ, ಮೇಲೆ ಸಜ್ಜಾ ಇರುವ ವೆಂಟಿಲೇಟರ್ ಕೊಡಿ. ಬೆಳಗ್ಗೆ ಬಿಸಿಲೇರುವ ಮೊದಲು ಮುಚ್ಚುವ ಕೆಲಸ ಒಬ್ಬರಿಗೆ ವಹಿಸಿ. ನಮ್ಮ ಮಾಳಿಗೆ ಮನೆಗಳ ಬೆಳಕಿಂಡಿ ಮಾಡುತ್ತಿದ್ದುದೂ ಇದನ್ನೇ.

ಇನ್ನು ಏಸಿ. 2020ರ ಜನವರಿಯಿಂದ ಸ್ಟಾರ್ ಗುರುತಿನ ರೂಮ್ ಏಸಿಗಳು 24 ಡಿಗ್ರಿಗೇ ಶುರುವಾಗುವಂತೆ ಬರುತ್ತಿವೆ. ಅದನ್ನು 18ಕ್ಕೆ ಇಳಿಸುವವರ ತಲೆಯ ಮೇಲೆ ಬಹುತೇಕ ಫ್ಯಾನ್ ಇರುವುದಿಲ್ಲ, ಅದು ಜನ ಓಡಾಡುವ ದಾರಿಯ ಮೇಲಿರುತ್ತದೆ. ಮೇಜಿನ ಮೇಲೆ ನಿಧಾನಕ್ಕೆ ತಿರುಗುವ ಫ್ಯಾನ್ ಇದ್ದರೆ 26–27 ಡಿಗ್ರಿಯೂ ಹಿತವಾಗಿರುತ್ತದೆ. ಹಾಳೆ ಹಾರುತ್ತವೆ ಎಂದು ಫ್ಯಾನ್ ಆರಿಸುವವರೇ ಹೆಚ್ಚು, ಹಾಗಾಗಿ ವೇಗ ತಗ್ಗಿಸುವ ರೆಗ್ಯುಲೇಟರ್ ಕೈಗೆಟಕುವಂತಿರಲಿ.

ನೀರು ಉಳಿಸಲೆಂದು ನಳದ ತುದಿಗೆ ಹಾಕುವ ಏರೇಟರ್ (ನೀರಿಗೆ ಗಾಳಿ ಬೆರೆಸುವ ಸಣ್ಣ ಜಾಳಿಗೆ) ಬೋರ್‌ವೆಲ್‌ನ ಗಡಸು ನೀರಿಗೆ ಸುಣ್ಣ ಹಿಡಿದು ಕಟ್ಟಿಕೊಳ್ಳುತ್ತದೆ. ಬೇಸತ್ತವರು ಅದನ್ನು ಕಿತ್ತೇ ಬಿಡುತ್ತಾರೆ. ತಿರುಪಿನಿಂದ ಬಿಚ್ಚಲು ಬರುವಂಥದ್ದನ್ನೇ ಕೊಳ್ಳಿ. ತಿಂಗಳಿಗೊಮ್ಮೆ ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ ಮತ್ತೆ ಕೂಡಿಸಿದರೆ ಸಾಕು.