ಅವ್ವನ ಫೋಟೊ ಮತ್ತು ಡೊಮೆಸ್ಟಿಸಿಟಿ

ಕಳೆದ ದೀಪಾವಳಿಗೆ ಜಮಖಂಡಿ ಹತ್ತಿರದ ನಮ್ಮೂರಿಗೆ ಹೋಗಿದ್ದಾಗ, ಪುಣೆಯಲ್ಲಿ ನೌಕರಿ ಮಾಡುವ ನನ್ನ ತಂಗಿಯ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವ್ವ ರೊಟ್ಟಿ ಬಡಿಯುವ ಫೋಟೊ ತೆಗೆದು, ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಪದ ಬರೆದು ಇನ್‌ಸ್ಟಾಗ್ರಾಮಿಗೆ ಹಾಕಿದಳು: ಡೊಮೆಸ್ಟಿಸಿಟಿ. ಸಂಜೆ ಅವ್ವ ನನ್ನನ್ನು ಕರೆದು, "ನನ್ನ ಫೋಟೋದ ಕೆಳಗ ಏನ ಬರದಾಳೋ ತಮ್ಮಾ ಅಕಿ?" ಎಂದು ಕೇಳಿದಳು. ಇಪ್ಪತ್ತೆರಡು ವರ್ಷಗಳಿಂದ ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳಿಯೇ ಹೊಟ್ಟೆ ಹೊರೆಯುತ್ತಿರುವ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. "ಬಾಳೇವು ಅಂತ ಬರದಾಳವ್ವ" ಎಂದೆ. ಆಕೆ ಒಂದು ಗಳಿಗೆ ಸುಮ್ಮನಿದ್ದು, "ರೊಟ್ಟಿ ಬಡಿಯೂದಕ್ಕ ಬಾಳೇವು ಅಂತಾರೇನು? ನಿನಗ ಬರೋಬರಿ ತಿಳದಿಲ್ಲ ಬಿಡು" ಎಂದು ಎದ್ದು ಹೋದಳು.

ಅಂದಿನಿಂದ ಈ ಪದ ತಲೆಯಲ್ಲಿ ಕೊರೆಯುತ್ತಿದೆ. ಮನೆ ಎಂಬ ಅರ್ಥದ ಲ್ಯಾಟಿನ್ನಿನ ‘ಡೋಮುಸ್’ನಿಂದ ಬಂದ ಡೊಮೆಸ್ಟಿಕ್ ಎಂಬ ವಿಶೇಷಣ ನಮಗೆ ಹೊಸದಲ್ಲ, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ದೇಶದೊಳಗೇ ಹಾರುವ ವಿಮಾನಕ್ಕೂ, ಅಡುಗೆ ಅನಿಲದ ಸಿಲಿಂಡರಿಗೂ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಗೂ, ಹಿತ್ತಲಿನ ಎಮ್ಮೆಗೂ ಇಂಗ್ಲಿಷು ಅದೊಂದೇ ಪದವನ್ನು ಅಂಟಿಸುತ್ತದೆ. ಕನ್ನಡವು ಒಂದನ್ನು ದೇಶೀಯ, ಇನ್ನೊಂದನ್ನು ಗೃಹಬಳಕೆಯದು, ಮತ್ತೊಂದನ್ನು ಕೌಟುಂಬಿಕ ಎಂದು ಬೇರೆ ಬೇರೆ ಇಟ್ಟು, ಎಮ್ಮೆಯನ್ನು ಸಾಕುಪ್ರಾಣಿ ಎನ್ನುತ್ತದೆ. ಆದರೆ ಡೊಮೆಸ್ಟಿಸಿಟಿ ಎಂಬ ನಾಮಪದಕ್ಕೆ ಬಂದಾಗ ವಿಮಾನ, ಸಿಲಿಂಡರು, ಎಮ್ಮೆ ಎಲ್ಲವೂ ಕಳಚಿಕೊಂಡು, ಮನೆಯೊಳಗಿನ ಬದುಕು ಮತ್ತು ಅದರ ಬಗೆಗಿನ ಒಲವು ಮಾತ್ರ ಉಳಿಯುತ್ತದೆ.

ವಿಚಿತ್ರವೆಂದರೆ ಆ ಬದುಕನ್ನು ಬದುಕುತ್ತಿರುವವರ ಬಾಯಲ್ಲಿ ಈ ಪದ ಅಪರೂಪ. ಒಲೆಯ ಮುಂದೆ ನಿಂತ ಇಂಗ್ಲಿಷ್ ಹೆಂಗಸು ತಾನು ಅಡುಗೆ ಮಾಡುತ್ತಿದ್ದೇನೆ, ಬಟ್ಟೆ ಒಗೆಯುತ್ತಿದ್ದೇನೆ, ಮನೆಗೆಲಸದಲ್ಲಿದ್ದೇನೆ ಎನ್ನುತ್ತಾಳೆಯೇ ಹೊರತು ಡೊಮೆಸ್ಟಿಸಿಟಿಯಲ್ಲಿದ್ದೇನೆ ಎನ್ನುವುದಿಲ್ಲ. ಅಂದರೂ ಅದು ತನ್ನನ್ನೇ ಗೇಲಿ ಮಾಡಿಕೊಳ್ಳುವ ಧಾಟಿಯಲ್ಲಿ. ಪದ ಹೆಚ್ಚಾಗಿ ಸಿಗುವುದು ಪುಸ್ತಕ ವಿಮರ್ಶೆಗಳಲ್ಲಿ, ಮದುವೆಯಾದ ನಟನ ಸಂದರ್ಶನದ ಪೀಠಿಕೆಯಲ್ಲಿ. ಅಲ್ಲೆಲ್ಲ ಒಬ್ಬರು ಡೊಮೆಸ್ಟಿಸಿಟಿಯೊಳಗೆ ನೆಲೆಗೊಳ್ಳುತ್ತಾರೆ, ಅದರಲ್ಲಿ ಮುಳುಗುತ್ತಾರೆ, ಇಲ್ಲವೇ ಅದರಿಂದ ತಪ್ಪಿಸಿಕೊಂಡು ಓಡುತ್ತಾರೆ. ಜೊತೆಗೆ ಬರುವ ವಿಶೇಷಣಗಳೂ ಎರಡೇ ಜಾತಿಯವು: ಬೆಚ್ಚಗಿನದು, ಆನಂದದ್ದು ಎಂಬ ಹೊಗಳಿಕೆ, ಅಥವಾ ಬೇಸರದ್ದು, ಉಸಿರುಗಟ್ಟಿಸುವಂಥದ್ದು ಎಂಬ ತೆಗಳಿಕೆ. ಹೊರಗೆ ನಿಂತು ಕಿಟಕಿಯಲ್ಲಿ ಇಣುಕುವವರ ಪದವಿದು ಎಂದು ನನಗೆ ಅನ್ನಿಸುವುದು ಅದಕ್ಕೇ.

ಇದಕ್ಕೊಂದು ಇತಿಹಾಸವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದುಡಿಮೆ ಮನೆಯಂಗಳ ಬಿಟ್ಟು ಕಾರ್ಖಾನೆಗೂ ಕಚೇರಿಗೂ ಹೋದಮೇಲೆ, ಇಂಗ್ಲೆಂಡ್ ಮತ್ತು ಅಮೆರಿಕದ ಮಧ್ಯಮವರ್ಗದವರು ಮನೆಯನ್ನು ದುಡಿದು ಬಂದ ಗಂಡಸಿನ ವಿಶ್ರಾಂತಿಧಾಮವೆಂದೂ ಹೆಂಗಸನ್ನು ಅದರ ಅಧಿದೇವತೆಯೆಂದೂ ಕಾಣತೊಡಗಿದರು. ಅಮೆರಿಕದ ಇತಿಹಾಸಕಾರ್ತಿ ಬಾರ್ಬರಾ ವೆಲ್ಟರ್ 1966ರ ತಮ್ಮ ಪ್ರಬಂಧದಲ್ಲಿ ಈ ಆರಾಧನೆಯನ್ನೇ ಬಿಡಿಸಿಟ್ಟರು. 1848ರಲ್ಲಿ ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದು ರಾಣಿ ವಿಕ್ಟೋರಿಯಾ, ಗಂಡ ಆಲ್ಬರ್ಟ್ ಮತ್ತು ಮಕ್ಕಳು ವಿಂಡ್ಸರ್ ಅರಮನೆಯಲ್ಲಿ ಕ್ರಿಸ್‌ಮಸ್ ಮರದ ಸುತ್ತ ನಿಂತ ಚಿತ್ರವನ್ನು ಅಚ್ಚುಹಾಕಿತು. ಆ ಚಿತ್ರವನ್ನು ನೋಡಿಯೇ ಎಷ್ಟೋ ಮನೆಗಳು ಮರ ತಂದು ನಿಲ್ಲಿಸಿದವು. ಅಂಥ ಮನೆಗಳಲ್ಲಿ ನೆಲ ಒರೆಸಿ ಪಾತ್ರೆ ತಿಕ್ಕುತ್ತಿದ್ದ ಆಳುಗಳಿಗೆ ಆಗ ಇಂಗ್ಲಿಷಿನಲ್ಲಿದ್ದ ಹೆಸರು ಡೊಮೆಸ್ಟಿಕ್ಸ್. ಮನೆಯ ಸೊಬಗು ಒಬ್ಬರ ಪಾಲಿಗೆ, ಮನೆಯ ಹೆಸರು ಇನ್ನೊಬ್ಬರ ಪಾಲಿಗೆ!

ನಮ್ಮ ಅಡುಗೆಮನೆಯಲ್ಲಿ ನಡೆದದ್ದನ್ನೂ ಹೇಳಬೇಕು. ಕುದಿಯುವ ಎಸರು ಹೊಯ್ದು ನಾದಿದ ಜೋಳದ ಹಿಟ್ಟನ್ನು ಬಡಿಯುತ್ತ, ತಿರುಗಿಸುತ್ತ ಅಗಲ ಮಾಡಿ ಹಂಚಿಗೆ ಹಾಕಿದ ಮೇಲೆ, ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಿ ಹಾಕಬೇಕು. ಹುಡುಗಿ, "ಆಯಿ, ಒಂದ್ ನಿಮಿಷ ಕೈ ಹಂಗ ಹಿಡಿ" ಎಂದಳು. ಅವ್ವ ಹಿಡಿದಳು. ಫೋಟೊ ಚೆಂದ ಬಂತು. ಹಂಚಿನ ಮೇಲಿನ ರೊಟ್ಟಿ ಸೀದು ದನದ ಪಾಲಾಯಿತು.

ಗಂಡಸರಿಗೆ ಅನ್ವಯಿಸುವಾಗ ಈ ಪದದ ಕುಟುಂಬ ನಗೆ ಬರಿಸುತ್ತದೆ. ಮದುವೆಯಾಗಿ ಪಾತ್ರೆ ತೊಳೆಯಲು ಕಲಿತವನನ್ನು ಇಂಗ್ಲಿಷಿನಲ್ಲಿ ಡೊಮೆಸ್ಟಿಕೇಟೆಡ್ ಎಂದು ಚೇಷ್ಟೆ ಮಾಡುತ್ತಾರೆ, ಅದೇ ಕ್ರಿಯಾಪದ ನಾಯಿ ಕುದುರೆಗಳಿಗೂ ಸಲ್ಲುತ್ತದೆ. ಇಂಥ ವಾಕ್ಯವೊಂದನ್ನು ಅನುವಾದಕ್ಕೆ ಕೊಟ್ಟಾಗ ನನ್ನ ವಿದ್ಯಾರ್ಥಿಯೊಬ್ಬ ‘ಮದುವೆಯಾದ ಮೇಲೆ ಅವನು ಸಾಕುಪ್ರಾಣಿಯಾದನು’ ಎಂದು ಬರೆದಿದ್ದ. ಅರ್ಧ ಅಂಕ ಕಳೆದೆನಾದರೂ, ಮೂಲದ ಕುಹಕ ಅವನಿಗೆ ಸಿಕ್ಕಷ್ಟು ಉಳಿದವರಿಗೆ ಸಿಕ್ಕಿರಲಿಲ್ಲ. ಬ್ರಿಟಿಷರ ಆಡುಮಾತಿನಲ್ಲಂತೂ ‘ಒಂದು ಡೊಮೆಸ್ಟಿಕ್’ ಎಂದರೆ ಗಂಡಹೆಂಡಿರ ಜಗಳ.

ಕನ್ನಡದಲ್ಲಿ ಸಂಸಾರ ಮಾಡುತ್ತಾರೆ, ಹೂಡುತ್ತಾರೆ, ತೂಗಿಸುತ್ತಾರೆ. ನಮ್ಮ ಕಡೆ ಬಾಳೇವು ಮಾಡುತ್ತಾರೆ. ‘ಆಕಿ ಆ ಮನ್ಯಾಗ ಬಾಳೇವು ಮಾಡಲಿಲ್ಲ’ ಎಂದರೆ ಒಂದು ಮದುವೆ ಮುರಿದ ಕಥೆಯಷ್ಟೂ ಆ ಮಾತಿನಲ್ಲಿದೆ. ಸಂಸಾರವೆಂಬ ಸಂಸ್ಕೃತ ಪದದ ಧಾತುವಿಗೆ ಹರಿಯುವುದು, ಸರಿಯುವುದು ಎಂಬ ಅರ್ಥವಿದ್ದು, ಹುಟ್ಟುಸಾವಿನ ಸುತ್ತಾಟವನ್ನು ಅದು ಮೊದಲು ಹೇಳುತ್ತಿತ್ತು. ವಚನಕಾರರು ಸಂಸಾರವನ್ನು ಸಾಗರವೆಂದು ಕರೆದರು, ಆದರೆ ಅವರಲ್ಲಿ ಬಹಳಷ್ಟು ಮಂದಿ ಹೆಂಡತಿ ಮಕ್ಕಳೊಡನೆ ಕಾಯಕ ಮಾಡಿಕೊಂಡೇ ಇದ್ದರು. ‘ಸಂಸಾರಕ್ಕೆ ಬಿದ್ದ’ ಎಂದು ನಾವೂ ಗೊಣಗುತ್ತೇವೆ, ಒಪ್ಪಿದೆ. ಆದರೆ ಬಿದ್ದವರಲ್ಲಿ ಗಂಡಸೂ ಇದ್ದಾನೆ. ಸಾಲ, ಬಿತ್ತನೆ, ತಂಗಿಯ ಮದುವೆ, ದಾಯಾದಿಗಳ ವ್ಯಾಜ್ಯ ಎಲ್ಲವೂ ಸಂಸಾರದೊಳಗೇ ಬರುತ್ತವೆ. ಡೊಮೆಸ್ಟಿಸಿಟಿಯಲ್ಲಿ ಸಾಲ ಕೊಟ್ಟವನು ಬಂದು ಕಟ್ಟೆಯ ಮೇಲೆ ಕೂರುವುದಿಲ್ಲ.

ಮರಾಠಿಯ ನೆರಳಿನಲ್ಲಿರುವ ಬೆಳಗಾವಿಯಲ್ಲಿ ಇನ್ನೊಂದು ಪದವಿದೆ, ಘರಗುತಿ, ಅಂದರೆ ಮನೆಯದು. ಇದು ಮನೆಯನ್ನೇ ಮಾರಾಟಕ್ಕಿಡುವ ಪದ: ಘರಗುತಿ ಮಸಾಲೆ, ಘರಗುತಿ ಊಟ. ಆದರೆ ಘರಗುತಿ ಎಂದು ಫಲಕ ಹಾಕಿದ ಖಾನಾವಳಿಯವನು 14.2 ಕೆಜಿಯ ಗೃಹಬಳಕೆಯ ಸಿಲಿಂಡರ್ ಹಚ್ಚುವಂತಿಲ್ಲ, 19 ಕೆಜಿಯ ವಾಣಿಜ್ಯ ಸಿಲಿಂಡರನ್ನೇ ತರಬೇಕು. ಜಿಡಿಪಿಯ ಲೆಕ್ಕ ಇದಕ್ಕಿಂತ ಸೋಜಿಗದ್ದು. ಅದರ ನಡುವಿನ ಅಕ್ಷರವೂ ಡೊಮೆಸ್ಟಿಕ್ ಎಂಬುದರದೇ, ಅಲ್ಲಿ ದೇಶ ಎಂಬ ಅರ್ಥದಲ್ಲಿ. ಹೊಲದಲ್ಲಿ ಬೆಳೆದು ಮನೆಯ ಊಟಕ್ಕೇ ಇಟ್ಟುಕೊಂಡ ಜೋಳಕ್ಕೂ ಆ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಅದೇ ಜೋಳದ ರೊಟ್ಟಿಯನ್ನು ಖಡಕ್ ಮಾಡಿ ಪೊಟ್ಟಣ ಕಟ್ಟಿ ಮಾರಿದರೆ ಅದಕ್ಕೂ ಕಟ್ಟುತ್ತಾರೆ. ನಡುವೆ ಅವ್ವ ಕೂತು ನಮಗಾಗಿ ಬಡಿದ ರೊಟ್ಟಿಯ ದುಡಿಮೆಗೆ ಮಾತ್ರ ಬೆಲೆಯಿಲ್ಲ. ಮನೆ ಎಂಬ ಬೇರಿನ ಪದವೇ ಮನೆಗೆಲಸವನ್ನು ಹೊರಗಿಟ್ಟಿರುವುದನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯರು ಮಾತ್ರ ನಕ್ಕರು.

ಇಷ್ಟೆಲ್ಲ ಓದಿಕೊಂಡು ಸಂಕ್ರಾಂತಿಗೆ ಊರಿಗೆ ಹೋದಾಗ, ಆ ಪದ ಹೊರಗಿನವರದು, ನಿನ್ನ ಬಾಳೇವಿಗೆ ಅದು ಸಾಲದು ಎಂದು ಅವ್ವನಿಗೆ ವಿವರಿಸಲು ಕೂತೆ. ಆಕೆ ಕೇಳಿಸಿಕೊಂಡಳೋ ಇಲ್ಲವೋ, ನನ್ನ ಮೊಬೈಲು ಇಸಿದುಕೊಂಡು ಫೋಟೊವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. "ಹಿಂದ ಗೂಡಿನ್ಯಾಗ ಹಳೇ ಚೀಲ ಕಾಣಸ್ತದ ನೋಡು. ಅಕಿಗಿ ಹೇಳು, ಮುಂದಿನ ಸಲ ಅದನ್ನ ತಗದು ಇನ್ನೊಂದು ಹೊಡಿ ಅಂತ. ಇಳಕಲ್ ಸೀರಿ ಉಟ್ಟಕೊಂಡ ಕುಂದರತೀನಿ."