ಡಿವಿಷನ್ 3 ಬಾಸ್ಕೆಟ್‌ಬಾಲ್: ಕೋಚ್ ಕೈಯಲ್ಲಿ ಸೀಟು ಎಷ್ಟಿರುತ್ತದೆ?

ಅಮೆರಿಕದಲ್ಲಿ ಜುಲೈ ಅಂದರೆ ಎಎಯು ಟೂರ್ನಮೆಂಟುಗಳ, ಅಂದರೆ ಶಾಲಾ ವಯಸ್ಸಿನವರ ಕ್ಲಬ್ ತಂಡಗಳ ಪಂದ್ಯಾವಳಿಗಳ ತಿಂಗಳು. ಒಂದೇ ಸೂರಿನಡಿ ಎಂಟು ಹತ್ತು ಅಂಕಣ, ಬದಿಯ ಕುರ್ಚಿಗಳಲ್ಲಿ ಕಾಲೇಜಿನ ಲಾಂಛನದ ಶರ್ಟು ತೊಟ್ಟ ಕೋಚ್‌ಗಳು. ಅವರಲ್ಲೊಬ್ಬ ಡಿವಿಷನ್ 3 (ಕಾಲೇಜು ಕ್ರೀಡೆಯ ಮೂರು ಶ್ರೇಣಿಗಳಲ್ಲಿ ಕೊನೆಯದು) ಕೋಚ್‌ಗೆ ನಿಮ್ಮ ಮಗನ ಆಟವೋ ಮಗಳ ಆಟವೋ ಹಿಡಿಸಿತು ಅನ್ನೋಣ. ಆ ವಾರವೇ ಬರುವ ಮೇಲ್‌ನಲ್ಲಿ ಆಟದ ಬಗ್ಗೆ ಎರಡು ಒಳ್ಳೆಯ ಮಾತಿದ್ದೀತು. ಮಿಕ್ಕಿದ್ದೆಲ್ಲ ಕೇಳಿಕೆ: ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಅಂಕಪಟ್ಟಿ), ಸ್ಯಾಟ್ (ಕಾಲೇಜು ಪ್ರವೇಶ ಪರೀಕ್ಷೆ) ಅಂಕ, 12ನೇ ತರಗತಿಗೆ ಆರಿಸಿಕೊಂಡ ವಿಷಯಗಳ ಪಟ್ಟಿ. ನ್ಯೂಜೆರ್ಸಿ, ಡಲ್ಲಾಸ್, ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಈ ಮೇಲ್ ನೋಡಿ ಗೊಂದಲವಾಗುವುದು ಸಹಜ. ಆಟಕ್ಕೆ ಕರೆಯುವವರು ಮಾರ್ಕ್ಸ್ ಯಾಕೆ ಕೇಳುತ್ತಾರೆ?

ನಮ್ಮ ತಲೆಯಲ್ಲಿರುವುದು ಊರಿನ ಕ್ರೀಡಾ ಕೋಟಾ. ಸರ್ಟಿಫಿಕೇಟ್ ಪರಿಶೀಲನೆಯಾಗುತ್ತದೆ, ಪಟ್ಟಿ ಬರುತ್ತದೆ, ಸೀಟು ಸಿಗುತ್ತದೆ ಅಥವಾ ಇಲ್ಲ. ಅದರ ನಡುವೆ ಕೋಚ್ ಎಂಬ ಪ್ರಾಣಿಯೇ ಇಲ್ಲ. ಅಮೆರಿಕದ ಸಣ್ಣ ಕಾಲೇಜುಗಳಲ್ಲಿ ಲೆಕ್ಕವೇ ಬೇರೆ.

ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ 1973ರಲ್ಲಿ ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ಒಡೆಯಿತು. ಡಿವಿಷನ್ 1 ಮತ್ತು 2ಕ್ಕೆ ಎನ್‌ಸಿಎಎಯೇ ಓದಿನ ಕನಿಷ್ಠ ಮಟ್ಟ ಹಾಕಿದೆ: ಹೈಸ್ಕೂಲಿನಲ್ಲಿ 16 ಕೋರ್ ವಿಷಯಗಳು, ಅವುಗಳಲ್ಲಿ ಡಿವಿಷನ್ 1ಕ್ಕೆ 2.3 ಜಿಪಿಎ (ಗ್ರೇಡುಗಳ ಸರಾಸರಿ), ಡಿವಿಷನ್ 2ಕ್ಕೆ 2.2. ಸ್ಯಾಟ್, ಅದರಂಥದೇ ಪರೀಕ್ಷೆಯಾದ ಎಸಿಟಿಯ ಕಡ್ಡಾಯವನ್ನು 2023ರಲ್ಲಿ ತೆಗೆದುಹಾಕಿದರು. ಡಿವಿಷನ್ 3ರಲ್ಲಿ ಹೊಸಬರಿಗೆ ಇಂಥ ರಾಷ್ಟ್ರೀಯ ಕನಿಷ್ಠವೇ ಇಲ್ಲ, ಆಟಕ್ಕೆಂದು ಕೊಡುವ ಸ್ಕಾಲರ್‌ಶಿಪ್ಪೂ ಇಲ್ಲ. ಸುಮಾರು 440 ಕಾಲೇಜುಗಳಿರುವ ಈ ಡಿವಿಷನ್ನಿನಲ್ಲಿ ಯಾರನ್ನು ಸೇರಿಸಿಕೊಳ್ಳಬೇಕೆಂದು ಆಯಾ ಕಾಲೇಜಿನ ಅಡ್ಮಿಷನ್ ಕಚೇರಿಯೇ ತೀರ್ಮಾನಿಸುತ್ತದೆ. ಕನಿಷ್ಠ ಇಲ್ಲ ಅಂದಮೇಲೆ ಸುಲಭ ಎಂದುಕೊಳ್ಳುವುದು ಮೊದಲ ತಪ್ಪು. ಆಮ್‌ಹರ್ಸ್ಟ್, ವಿಲಿಯಮ್ಸ್, ಬೋಡನ್ ಥರದ ಕಾಲೇಜುಗಳಲ್ಲಿ ಅರ್ಜಿ ಹಾಕಿದ ನೂರು ಜನರಲ್ಲಿ ಹತ್ತು ಮಂದಿಗೆ ಸೀಟು ಸಿಗುವುದೇ ಹೆಚ್ಚು. ಅಲ್ಲಿ 2.3 ಜಿಪಿಎ ಮಾತೇ ಎತ್ತುವಂತಿಲ್ಲ.

ಹಾಗಾದರೆ ಕೋಚ್ ಏನು ಮಾಡಬಲ್ಲರು? ಇಲ್ಲಿ ಬರುವುದೇ ಸ್ಲಾಟ್, ಅಂದರೆ ಕೋಚ್ ಬೆಂಬಲದ ಮೇಲೆ ಸಿಗುವ ಸೀಟಿನ ಪಾಲು. ಹೆಚ್ಚುಕಡಿಮೆ ನಮ್ಮ ವಶೀಲಿಯೇ, ಆದರೆ ಲೆಕ್ಕವಿಟ್ಟ ವಶೀಲಿ. ನ್ಯೂ ಇಂಗ್ಲೆಂಡ್ ಕಡೆಯ 11 ಕಾಲೇಜುಗಳ ನೆಸ್ಕ್ಯಾಕ್ ಕಾನ್ಫರೆನ್ಸಿನಲ್ಲಿ (ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಕೂಟ) ಈ ಲೆಕ್ಕ ಚೆನ್ನಾಗಿ ಕಾಣುತ್ತದೆ. ಆಟದ ಕಾರಣಕ್ಕೇ ಸೀಟು ಸಿಗುವವರ ಸಂಖ್ಯೆಗೆ ಅಲ್ಲಿ ಕಾನ್ಫರೆನ್ಸೇ ಮಿತಿ ಹಾಕಿದೆ. ಫುಟ್‌ಬಾಲ್‌ಗೆ 14, ಉಳಿದ ಪ್ರತಿ ಆಟಕ್ಕೆ ತಲಾ 2 ಎಂಬ ಲೆಕ್ಕದಲ್ಲಿ ಒಟ್ಟು ಸಂಖ್ಯೆ ಬರುತ್ತದೆ, ಅದನ್ನು ಕಾಲೇಜು ತನಗೆ ಬೇಕಾದಂತೆ ಒಳಗೆ ಹಂಚಿಕೊಳ್ಳಬಹುದು. ಆಮ್‌ಹರ್ಸ್ಟ್ ಕಾಲೇಜು 2017ರಲ್ಲಿ ತನ್ನ ವರದಿಯೊಂದರಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡಿತು: ವರ್ಷಕ್ಕೆ ಇಂಥ 67 ಸೀಟು, ಅದರ ಜೊತೆಗೆ ಓದಿನಲ್ಲಿ ಮೊದಲೇ ಮೇಲಿದ್ದು ಆಟದಿಂದ ತಕ್ಕಡಿ ವಾಲಿದ 60ರಿಂದ 90 ಜನ. ಒಂದು ವರ್ಷದ ಬ್ಯಾಚಿನಲ್ಲಿ ಐನೂರು ವಿದ್ಯಾರ್ಥಿಗಳೂ ಇಲ್ಲದ ಕಾಲೇಜಿಗೆ ಇದು ಸಣ್ಣ ಸಂಖ್ಯೆಯಲ್ಲ.

ಈಗ ಬಾಸ್ಕೆಟ್‌ಬಾಲ್ ಕೋಚ್ ಜಾಗದಲ್ಲಿ ಕೂತು ನೋಡಿ. ತಂಡದಲ್ಲಿ 15ರಿಂದ 18 ಜನ. ಪ್ರತಿ ವರ್ಷ ನಾಲ್ಕೈದು ಹೊಸಬರು ಬೇಕು. ಕೈಯಲ್ಲಿರುವುದು ಎರಡು ಸ್ಲಾಟ್. ಅರ್ಜಿದಾರರ ಓದನ್ನು ಅಡ್ಮಿಷನ್ ಕಚೇರಿ ಎ, ಬಿ, ಸಿ ಎಂದು ಬ್ಯಾಂಡ್‌ಗಳಾಗಿ ಎಣಿಸುತ್ತದೆ, ಕೆಳಗಿನ ಬ್ಯಾಂಡಿನವರನ್ನು ತರಬೇಕಾದರೆ ಸ್ಲಾಟ್ ಖರ್ಚಾಗುತ್ತದೆ. ಆರಡಿ ಆರಿಂಚಿನ, ರಿಬೌಂಡ್ ಬಿಡದ ಸೆಂಟರ್‌ಗೆ ಬಿ ಗ್ರೇಡುಗಳಿದ್ದರೆ ಕೋಚ್ ಒಂದು ಸ್ಲಾಟ್ ಅವನಿಗೇ ಸುರಿಯುತ್ತಾರೆ. ಇನ್ನೊಂದು ಪಾಯಿಂಟ್ ಗಾರ್ಡ್‌ಗೆ ಹೋಯಿತು. ಉಳಿದ ಇಬ್ಬರು ಮೂವರು ಅಡ್ಮಿಷನ್ ಕಚೇರಿ ತಾನಾಗಿಯೇ "ಪರವಾಗಿಲ್ಲ" ಅನ್ನುವಂಥ ಓದಿನವರೇ ಆಗಬೇಕು. ಆದ್ದರಿಂದ ಸಾಧಾರಣ ಎತ್ತರದ, ಒಳ್ಳೆಯ ಶೂಟರ್ ಆದ ಮಗುವಿಗೆ ಕಷ್ಟದ ವಿಷಯಗಳಲ್ಲಿ ಎ ಗ್ರೇಡ್, ಸ್ಯಾಟ್‌ನಲ್ಲಿ 1500ರ ಮೇಲೆ ಇದ್ದರೆ ಅದು ಬರೀ ಅರ್ಹತೆಯಲ್ಲ. ಆ ಮಗು ಕೋಚ್‌ಗೆ ಖರ್ಚಿಲ್ಲದೆ ಬರುವ ಆಟಗಾರ. ಅದೇ ಮಟ್ಟದ ಆಟ, ಕಡಿಮೆ ಅಂಕ ಇರುವವರಿಗಿಂತ ಫೋನ್ ಮೊದಲು ಬರುವುದು ಅಲ್ಲಿಗೇ.

ಈ ಲಾಭದೊಳಗೇ ಒಂದು ಗುಂಡಿಯೂ ಇದೆ. "ನಿನ್ನ ಮಾರ್ಕ್ಸ್ ಚೆನ್ನಾಗಿದೆ, ನನ್ನ ಸಹಾಯ ಬೇಕಾಗಿಲ್ಲ, ನೀನೇ ಅರ್ಜಿ ಹಾಕು, ಸೀಟು ಸಿಕ್ಕರೆ ತಂಡದಲ್ಲಿ ಜಾಗ ಇದೆ" ಎಂದು ಕೋಚ್ ಹೇಳಿದರೆ ಅದು ಹೊಗಳಿಕೆಯಂತೆ ಕೇಳುತ್ತದೆ. ನೂರರಲ್ಲಿ ತೊಂಬತ್ತು ಜನರನ್ನು ವಾಪಸ್ ಕಳಿಸುವ ಕಾಲೇಜಿನಲ್ಲಿ ಅದು ಮೂಗಿಗೆ ತುಪ್ಪ ಸವರುವ ಮಾತು ಅಷ್ಟೇ. ಆಗ ನೇರವಾಗಿ, ಮರ್ಯಾದೆಯಿಂದ ಕೇಳಬೇಕು: ಅಡ್ಮಿಷನ್ ಕಚೇರಿಗೆ ಕೊಡುವ ನಿಮ್ಮ ಪಟ್ಟಿಯಲ್ಲಿ ನನ್ನ ಹೆಸರು ಇರುತ್ತದೆಯೇ? ಪೂರ್ತಿ ಬೆಂಬಲವೋ ಬರೀ ಒಂದು ಸಾಲಿನ ಟಿಪ್ಪಣಿಯೋ? ಕಳೆದ ಐದು ವರ್ಷಗಳಲ್ಲಿ ಪೂರ್ತಿ ಬೆಂಬಲ ಕೊಟ್ಟವರಲ್ಲಿ ಎಷ್ಟು ಜನಕ್ಕೆ ಸೀಟು ಸಿಗಲಿಲ್ಲ? ಈ ಪ್ರಶ್ನೆಗಳನ್ನು ಆಟಗಾರರೇ ಕೇಳಬೇಕು, ಅಪ್ಪ ಅಮ್ಮ ಅಲ್ಲ. ಅಪ್ಪನೇ ಫೋನ್ ಎತ್ತಿ ಮಾತಾಡುವ ಮನೆಯ ಹುಡುಗನ ಬಗ್ಗೆ ಕೋಚ್‌ಗೆ ಒಳಗೊಳಗೇ ಅನುಮಾನ ಬರುತ್ತದೆ.

ಇದೆಲ್ಲ ಗೊತ್ತಾಗುವ ಹಂತಕ್ಕೆ ಪ್ರೀ-ರೀಡ್ ಅನ್ನುತ್ತಾರೆ. 11ನೇ ತರಗತಿ ಮುಗಿದ ಮೇಲೆ, ನೆಸ್ಕ್ಯಾಕ್‌ನಲ್ಲಿ ಜುಲೈ 1ರಿಂದ, ಕೋಚ್ ನಿಮ್ಮ ಕಾಗದಗಳನ್ನು ಅಡ್ಮಿಷನ್ ಕಚೇರಿಗೆ ಕೊಟ್ಟು ಮುಂಚಿತ ಅಭಿಪ್ರಾಯ ಪಡೆಯುತ್ತಾರೆ. ಬೇಕಾಗುವುದು ನಾಲ್ಕು: 9ರಿಂದ 11ನೇ ತರಗತಿಯ ಟ್ರಾನ್ಸ್‌ಕ್ರಿಪ್ಟ್, ಸ್ಯಾಟ್ ಅಥವಾ ಎಸಿಟಿ ಅಂಕ, 12ರ ವಿಷಯಗಳ ಪಟ್ಟಿ, ಶಾಲೆಯ ಪ್ರೊಫೈಲ್ (ಶಾಲೆಯ ಪರಿಚಯದ ಪುಟ). ಕಾಲೇಜು ಟೆಸ್ಟ್-ಆಪ್ಷನಲ್ (ಪರೀಕ್ಷೆಯ ಅಂಕ ಕಡ್ಡಾಯವಲ್ಲದ್ದು) ಆಗಿದ್ದರೂ ಬಹಳ ಕೋಚ್‌ಗಳು ಅಂಕ ಕೇಳುತ್ತಾರೆ, ಅಂಕವಿಲ್ಲದೆ ಬ್ಯಾಂಡ್ ಊಹಿಸುವುದು ಅವರಿಗೆ ಕಷ್ಟ. ಹಾಗಾಗಿ ಸ್ಯಾಟ್ ಅನ್ನು 12ನೇ ತರಗತಿಯ ಶರತ್ಕಾಲಕ್ಕೆ ಬಿಡಬೇಡಿ, 11ರ ವಸಂತದೊಳಗೆ ಒಮ್ಮೆ, ಸಾಧ್ಯವಾದರೆ ಎರಡು ಬಾರಿ ಬರೆದು ಮುಗಿಸಿ. ಪ್ರೀ-ರೀಡ್ ಎಷ್ಟು ಕಾಲೇಜಿನಲ್ಲಿ ಬೇಕಾದರೂ ಮಾಡಿಸಬಹುದು. ಉತ್ತರ ಸಾಮಾನ್ಯವಾಗಿ ಟ್ರಾಫಿಕ್ ದೀಪದಂತೆ: ಹಸಿರು, ಹಳದಿ, ಕೆಂಪು. ಹಳದಿ ಅಂದರೆ ಬಹುಪಾಲು "ಸ್ಯಾಟ್ ಇನ್ನೊಮ್ಮೆ ಬರೆಯಲಿ" ಅಥವಾ "12ರ ಮೊದಲ ಗ್ರೇಡು ನೋಡೋಣ" ಎಂದರ್ಥ.

ಹಸಿರು ಬಂದ ಮೇಲೂ ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವುದುಂಟು. ಅದರ ಕಾರಣಗಳು ಪ್ರತಿ ವರ್ಷ ಅವೇ. 11ರವರೆಗೆ ದುಡಿದ ಹುಡುಗ 12ರಲ್ಲಿ ಕ್ಯಾಲ್ಕುಲಸ್ ಬಿಟ್ಟು ಹಗುರ ವಿಷಯ ತೆಗೆದುಕೊಳ್ಳುತ್ತಾನೆ. ಪ್ರೀ-ರೀಡ್‌ನಲ್ಲಿ ತೋರಿಸಿದ ಪಟ್ಟಿಯೇ ಬದಲಾಯಿತೆಂದು ಕಚೇರಿಯವರು ಹುಬ್ಬೇರಿಸುತ್ತಾರೆ. ಮೊದಲ ಕ್ವಾರ್ಟರ್‌ನಲ್ಲಿ ಎರಡು ಸಿ ಬೀಳುತ್ತದೆ. ಶಾಲೆಯಲ್ಲಿ ಶಿಸ್ತುಕ್ರಮವಾಗಿದ್ದು ಅದನ್ನು ಕೋಚ್‌ಗೆ ಮೊದಲೇ ತಿಳಿಸಿರುವುದಿಲ್ಲ. ಇಲ್ಲವೇ ಪ್ರಬಂಧವನ್ನು "ಹೇಗೂ ಸೀಟು ಖಚಿತ" ಎಂದು ಒಂದೇ ಸಂಜೆಯಲ್ಲಿ ಗೀಚಿರುತ್ತಾನೆ. ಪ್ರೀ-ರೀಡ್ ಅಭಿಪ್ರಾಯ ಮಾತ್ರ, ಒಪ್ಪಂದವಲ್ಲ. ಸೀಟು ಕೊಟ್ಟೆವೆಂದು ಹೇಳುವ ಅಧಿಕಾರ ಕೋಚ್‌ಗಿಲ್ಲ.

ಕೋಚ್ ಕೈಯಲ್ಲಿ ಸ್ಲಾಟೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಲ್‌ಟೆಕ್ ಉದಾಹರಣೆ. ಆಟಕ್ಕೆ ಅಡ್ಮಿಷನ್‌ನಲ್ಲಿ ರಿಯಾಯಿತಿ ಕೊಡದ ಆ ಕಾಲೇಜಿನ ಪುರುಷರ ತಂಡ ತನ್ನ ಕಾನ್ಫರೆನ್ಸಿನಲ್ಲಿ ಸತತ 310 ಪಂದ್ಯ ಸೋತು, 2011ರ ಫೆಬ್ರವರಿ 22ರಂದು ಆಕ್ಸಿಡೆಂಟಲ್ ಕಾಲೇಜನ್ನು 46-45ರಿಂದ ಸೋಲಿಸಿತು. ಇನ್ನೊಂದು ಕಡೆ ಎಂಐಟಿ. ಅಲ್ಲೂ ಸ್ಲಾಟ್ ಇಲ್ಲ, ಕೋಚ್ ಮಾತು ಸಂಗೀತ, ರೊಬೋಟಿಕ್ಸ್‌ನಂತೆ ಒಂದು ಪ್ರತಿಭೆಯ ಸಾಕ್ಷಿ ಮಾತ್ರ. ಆದರೂ 2012ರಲ್ಲಿ ಅವರು ಡಿವಿಷನ್ 3ರ ಕೊನೆಯ ನಾಲ್ಕರವರೆಗೆ ಹೋದರು. ಪ್ರತಿ ವರ್ಷ ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳುವ ಕಡೆ ಆಟ ಬಲ್ಲವರು ಐದಾರು ಜನ ಸಿಕ್ಕಾರು. ಇನ್ನೂರೈವತ್ತರ ಆಸುಪಾಸಿನ ಕ್ಯಾಲ್‌ಟೆಕ್‌ನಲ್ಲಿ ಎಲ್ಲಿಂದ ತರುವುದು? ಎಂಐಟಿಯ ಅರ್ಲಿ ಆ್ಯಕ್ಷನ್ ಎಂಬ ಮುಂಚಿತ ಅರ್ಜಿ ಕಟ್ಟಿಹಾಕುವುದಿಲ್ಲ, ಹಾಗಾಗಿ ಅಲ್ಲಿ ನವೆಂಬರ್ 1ಕ್ಕೆ ಅರ್ಜಿ ಹಾಕಿದವರು ಅರ್ಲಿ ಡಿಸಿಷನ್ (ಸೀಟು ಸಿಕ್ಕರೆ ಸೇರಲೇಬೇಕಾದ ಮುಂಚಿತ ಅರ್ಜಿ) ಕೇಳುವ ಇನ್ನೊಂದು ಕಡೆಯ ಕೋಚ್‌ಗೆ ಏನು ಹೇಳಬೇಕೆಂದು ಮೊದಲೇ ಯೋಚಿಸಿರಬೇಕು.

ಮೇಲೆ ಹೇಳಿದ್ದೆಲ್ಲ ಬಾಗಿಲು ಬಿಗಿಯಾಗಿರುವ ಕಾಲೇಜುಗಳ ಮಾತು. ಡಿವಿಷನ್ 3ರ ಬಹುಪಾಲು ಕಾಲೇಜುಗಳು ಹಾಗಿಲ್ಲ. ಪೆನ್ಸಿಲ್ವೇನಿಯಾ, ಒಹಾಯೊ, ಅಯೋವಾದ ಊರುಗಳಲ್ಲಿ ಸಾವಿರ, ಸಾವಿರದೈನೂರು ವಿದ್ಯಾರ್ಥಿಗಳ ಖಾಸಗಿ ಕಾಲೇಜುಗಳಿವೆ, ಅವುಗಳಿಗೆ ತರಗತಿ ತುಂಬುವುದೇ ದೊಡ್ಡ ಚಿಂತೆ. ಅಲ್ಲಿ ಕೋಚ್‌ಗೆ ಸ್ಲಾಟ್ ಬದಲು ತಲೆಗಳ ಗುರಿ ಕೊಟ್ಟಿರುತ್ತಾರೆ: ಈ ವರ್ಷ ಹತ್ತು ಜನ ಕರೆತರಬೇಕು. ಸೀಟು ಸಿಗುವುದು ಕಷ್ಟವಲ್ಲ, ಅಂಕಣಕ್ಕೆ ಇಳಿಯುವುದು ಕಷ್ಟ. ಒಂದು ಋತುವಿಗೆ ಇರುವುದು 25 ಪಂದ್ಯ, ರೋಸ್ಟರಿನಲ್ಲಿ (ತಂಡದ ಪಟ್ಟಿಯಲ್ಲಿ) 25-30 ಹೆಸರು, ಅರ್ಧ ಜನ ಜೂನಿಯರ್ ವಾರ್ಸಿಟಿ ಎಂಬ ಎರಡನೇ ತಂಡದಲ್ಲೇ. ಇದನ್ನು ಕಂಡುಹಿಡಿಯಲು ಯಾರನ್ನೂ ಕೇಳಬೇಕಿಲ್ಲ. ಕಾಲೇಜಿನ ಕ್ರೀಡಾ ಜಾಲತಾಣದಲ್ಲಿ ಹಳೆಯ ರೋಸ್ಟರುಗಳಿರುತ್ತವೆ. ಮೂರು ವರ್ಷ ಹಿಂದಿನದನ್ನು ತೆರೆದು ಫ್ರೆಶ್‌ಮನ್‌ಗಳ (ಮೊದಲ ವರ್ಷದವರ) ಹೆಸರು ಬರೆದುಕೊಳ್ಳಿ, ಈ ವರ್ಷದ ಸೀನಿಯರ್‌ಗಳಲ್ಲಿ (ನಾಲ್ಕನೇ ವರ್ಷದವರಲ್ಲಿ) ಎಷ್ಟು ಹೆಸರು ಉಳಿದಿದೆ ನೋಡಿ. ಹನ್ನೊಂದರಲ್ಲಿ ಇಬ್ಬರು ಉಳಿದಿದ್ದರೆ ಕೋಚ್ ಎಷ್ಟೇ ಚೆನ್ನಾಗಿ ಮಾತಾಡಲಿ, ಕಾರಣ ಕೇಳಿ. ಕಾಲೇಜಿನ ಹಣಕಾಸಿನ ಸುದ್ದಿಯನ್ನೂ ಹುಡುಕಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು 2024ರ ಮೇ 31ರಂದು ಬಾಗಿಲು ಹಾಕಿದಾಗ ಅದರ ಬೇಸ್‌ಬಾಲ್ ತಂಡ ಡಿವಿಷನ್ 3 ವರ್ಲ್ಡ್ ಸೀರೀಸ್‌ನಲ್ಲಿ ಆಡುತ್ತಿತ್ತು.

ದುಡ್ಡಿನ ವಿಚಾರದಲ್ಲಿ ಎರಡೂ ಬಗೆಯ ಕಾಲೇಜಿಗೆ ನಿಯಮ ಒಂದೇ: ಆರ್ಥಿಕ ನೆರವು ಕೊಡುವಾಗ ಆಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಆಟಗಾರರ ನೆರವು ಉಳಿದವರದಕ್ಕಿಂತ ಹೆಚ್ಚಿದೆಯೇ ಎಂದು ಎನ್‌ಸಿಎಎ ಪರಿಶೀಲಿಸುತ್ತದೆ. "ನಾನು ಮಾತಾಡಿ ಇನ್ನೂ ಐದು ಸಾವಿರ ಡಾಲರ್ ಕೊಡಿಸುತ್ತೇನೆ" ಎನ್ನುವ ಕೋಚ್ ಒಂದೋ ನಿಯಮ ಮುರಿಯುತ್ತಿದ್ದಾರೆ, ಇಲ್ಲವೇ ಬಾಯಿಮಾತು. ಆದರೆ ಮೆರಿಟ್ ಸ್ಕಾಲರ್‌ಶಿಪ್ ಅಂಕದ ಮೇಲೆ ಸಿಗುತ್ತದೆ, ಬಾಗಿಲು ಸಡಿಲವಾಗಿರುವ ಕಾಲೇಜುಗಳಲ್ಲಿ ಧಾರಾಳವಾಗಿಯೇ. ನೆಸ್ಕ್ಯಾಕ್‌ನ ಮುಂಚೂಣಿ ಕಾಲೇಜುಗಳಲ್ಲಿ ಮೆರಿಟ್ ಹಣವಿಲ್ಲ, ಮನೆಯ ಆದಾಯ ನೋಡಿ ಕೊಡುವ ನೆರವು ಮಾತ್ರ. ಇಬ್ಬರೂ ಐಟಿಯಲ್ಲಿರುವ ಮನೆಗೆ ಅದು ಸೊನ್ನೆಗೆ ಹತ್ತಿರ ಬರಬಹುದು. ಕಾಲೇಜಿನ ಜಾಲತಾಣದಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ಮನೆಗೆ ಬೀಳುವ ಖರ್ಚಿನ ಅಂದಾಜು) ತುಂಬಿಸಿ, ಅಂಕಿ ಅನುಮಾನ ತಂದರೆ ಪ್ರೀ-ರೀಡ್ ಜೊತೆಗೇ ಹಣಕಾಸಿನ ಮುಂಚಿತ ಅಂದಾಜೂ ಕೇಳಿ. ಇದನ್ನು ಆಗಸ್ಟಿನಲ್ಲಿ ಮಾಡಬೇಕು. ಕೋಚ್ ಪೂರ್ತಿ ಬೆಂಬಲಕ್ಕೆ ಬದಲಾಗಿ ಕೇಳುವುದು ಅರ್ಲಿ ಡಿಸಿಷನ್ ಅರ್ಜಿ, ಅದಕ್ಕೆ ವಿದ್ಯಾರ್ಥಿ, ಪೋಷಕರು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಸೀಟು ಸಿಕ್ಕ ಮೇಲೆ ಹಿಂದೆ ಸರಿಯಲು ಉಳಿಯುವ ದಾರಿ, ನೆರವು ಸಾಲದು ಎಂಬುದೊಂದೇ.

ಕೋಚ್‌ಗೆ ಮೊದಲ ಮೇಲ್ ಬರೆಯುವಾಗ ನಾಲ್ಕು ನಿಮಿಷದೊಳಗಿನ ವಿಡಿಯೋ ಸಾಕು, ಒಳ್ಳೆಯ ತುಣುಕು ಮೊದಲ ಮೂವತ್ತು ಸೆಕೆಂಡಿನಲ್ಲಿರಲಿ, ಜರ್ಸಿ ಬಣ್ಣ ಮತ್ತು ಸಂಖ್ಯೆ ಬರೆದಿರಿ, ಒಂದು ಇಡೀ ಪಂದ್ಯದ ಲಿಂಕ್ ಸೇರಿಸಿ. ಎತ್ತರ ಶೂ ಇಲ್ಲದೆ ಅಳೆದದ್ದೇ ಹೇಳಿ. ಟ್ರಾನ್ಸ್‌ಕ್ರಿಪ್ಟ್ ಕೇಳುವ ಮೊದಲೇ ಲಗತ್ತಿಸಿ. ದುಡ್ಡು ಕೊಟ್ಟು ಹೋಗುವ "ಎಲೀಟ್ ಕ್ಯಾಂಪ್" ಆಹ್ವಾನಗಳು ಬಹುತೇಕ ಸಾಮೂಹಿಕ ಮೇಲ್. ಅದನ್ನು ಆಸಕ್ತಿ ಎಂದು ಎಣಿಸಬೇಡಿ.

ಬೆಂಗಳೂರು, ಮಂಗಳೂರಿನಿಂದ ಅರ್ಜಿ ಹಾಕುವವರಿಗೆ ಒಂದೆರಡು ತೊಡಕು ಹೆಚ್ಚು. ದ್ವಿತೀಯ ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆದ್ದರಿಂದ 9, 10, ಪ್ರಥಮ ಪಿಯುಸಿ ಅಂಕಪಟ್ಟಿ ಮತ್ತು ಕಾಲೇಜು ಕೊಡುವ ಅಂದಾಜು ಅಂಕವೇ ಆಧಾರ. "ಪ್ರಥಮ ಪಿಯುಸಿ ಲೆಕ್ಕಕ್ಕಿಲ್ಲ" ಎಂಬ ನಮ್ಮ ರೂಢಿಯ ಮಾತು ಇಲ್ಲಿ ಮುಳುವಾಗುತ್ತದೆ. ಪಿಯು ಕಾಲೇಜಿನಲ್ಲಿ ಸ್ಕೂಲ್ ಪ್ರೊಫೈಲ್ ಇರುವುದು ಅಪರೂಪ. ಮಂಡಳಿ, ವಿದ್ಯಾರ್ಥಿ ಸಂಖ್ಯೆ, ಅಂಕ ಹಂಚಿಕೆ ತಿಳಿಸುವ ಒಂದು ಪುಟವನ್ನು ಪ್ರಾಂಶುಪಾಲರ ಸಹಿಯೊಂದಿಗೆ ಮಾಡಿಸಿಕೊಳ್ಳಿ. ವಿದೇಶಿ ಆಟಗಾರರಿಗೆ ಡಿವಿಷನ್ 3ರಲ್ಲೂ ಎನ್‌ಸಿಎಎಯ ಹವ್ಯಾಸಿ ಆಟಗಾರ ಪ್ರಮಾಣಪತ್ರ ಬೇಕು, ಕ್ಲಬ್ಬಿನಿಂದ ಹಣ ಪಡೆದಿದ್ದರೆ ಕೋಚ್‌ಗೆ ಮೊದಲೇ ಹೇಳಿ. ನೆರವು ಬೇಕಾದ ವಿದೇಶಿಯರ ಅರ್ಜಿಯನ್ನು ಬಹಳ ಕಾಲೇಜುಗಳು ಬೇರೆ ಕಣ್ಣಿನಿಂದ ನೋಡುತ್ತವೆ; ಆಮ್‌ಹರ್ಸ್ಟ್, ಬೋಡನ್, ಎಂಐಟಿ ಹಾಗೆ ಮಾಡುವುದಿಲ್ಲ.

ಅರ್ಲಿ ಡಿಸಿಷನ್ ಅರ್ಜಿಯ ಗಡುವು ನವೆಂಬರ್ ಮೊದಲಾರ್ಧ, ಫಲಿತಾಂಶ ಡಿಸೆಂಬರ್ ಮಧ್ಯ. ಜನವರಿ ಆರಂಭದ ರೆಗ್ಯುಲರ್ ಗಡುವಿಗೆ ಆಮೇಲೆ ಉಳಿಯುವುದು ಎರಡೋ ಮೂರೋ ವಾರ, ಅದರಲ್ಲೂ ಕ್ರಿಸ್ಮಸ್ ರಜೆಗೆ ಕೌನ್ಸೆಲರ್ ಸಿಗುವುದಿಲ್ಲ. ಉಳಿದ ಕಾಲೇಜುಗಳ ಪ್ರಬಂಧಗಳನ್ನು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೇ ಬರೆದಿಟ್ಟುಕೊಂಡಿರಿ, ಕೋಚ್ ಏನೇ ಹೇಳಿರಲಿ.