ಸುಣ್ಣಕಲ್ಲಿನ ಜೊತೆ ಒಂದು ಪುನರಾವರ್ತನೆಯ ದಿನ

ಎಸ್‌ಎಸ್‌ಎಲ್‌ಸಿ ವಿಜ್ಞಾನ ಪರೀಕ್ಷೆ ಹತ್ತಿರವಾದಂತೆ ನಮ್ಮ ಪ್ರೌಢಶಾಲೆಗಳಲ್ಲಿ ರಸಾಯನಶಾಸ್ತ್ರದ ಪುನರಾವರ್ತನೆ ಒಂದು ಗೊತ್ತಾದ ಜಾಡಿನಲ್ಲಿ ಸಾಗುತ್ತದೆ. ನೀಲನಕ್ಷೆ ಮುಂದಿಟ್ಟುಕೊಂಡು ಯಾವ ಅಧ್ಯಾಯಕ್ಕೆ ಎಷ್ಟು ಅಂಕವೆಂದು ನೋಡುವುದು, ಪ್ರಶ್ನಕೋಠಿಯಿಂದ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಆರಿಸುವುದು, ಹಿಂದುಳಿದ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಕೊಟ್ಟು ಅಷ್ಟನ್ನಾದರೂ ಬಾಯಿಪಾಠ ಮಾಡಿಸುವುದು. ಲಿಖಿತ ಪರೀಕ್ಷೆಯ 80 ಅಂಕಗಳಲ್ಲಿ ಒಂದೊಂದೂ ಮಗುವಿನ ಮುಂದಿನ ದಾರಿಗೆ ಬೇಕಾಗಿರುವಾಗ ಇದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ನಾನೂ ಅದನ್ನು ಮಾಡಿಸುತ್ತೇನೆ. ಆದರೆ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ಕಂಡ ಒಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ವಿಭಜನ ಕ್ರಿಯೆಗೆ ಉದಾಹರಣೆ ಕೇಳಿದ ಕಡೆ, ಕ್ಯಾಲ್ಸಿಯಂ ಕಾರ್ಬೋನೇಟನ್ನು ಕಾಸಿದರೆ ಕ್ಯಾಲ್ಸಿಯಂ ಆಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುವ ಸಮೀಕರಣವನ್ನು ಅಂದವಾಗಿ ಬರೆದ ಮಕ್ಕಳೇ, ಮುಂದಿನ ಪುಟದಲ್ಲಿ, ಅಮೃತಶಿಲೆಯ ಚೂರಿನ ಮೇಲೆ ಆಮ್ಲ ಬಿದ್ದಾಗ ಹೊರಬರುವ ಅನಿಲ ಹೈಡ್ರೋಜನ್ ಎಂದು ಬರೆದಿದ್ದರು. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೋನೇಟೇ, ಎರಡೂ ಪ್ರಶ್ನೆಗಳಲ್ಲಿ ಇರುವುದು ಒಂದೇ ವಸ್ತುವೆಂದು ಅವರಿಗೆ ಹೊಳೆದಿರಲಿಲ್ಲ. ಅವರ ಮನಸ್ಸಿನಲ್ಲಿ ಅಧ್ಯಾಯಗಳಿದ್ದವು, ವಸ್ತುಗಳಿರಲಿಲ್ಲ.

ನಮ್ಮ ಶಾಲೆ ಇರುವುದು ಕಲಬುರಗಿ ಜಿಲ್ಲೆಯ ಸುಣ್ಣಕಲ್ಲಿನ ಸೀಮೆಯಲ್ಲಿ. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರದ ಕಡೆ ನೆಲ ಅಗೆದರೆ ಸಿಗುವುದು ಈ ಕಲ್ಲೇ. ನಮ್ಮ ತರಗತಿಗೆ ಹಾಸಿರುವ ಫರಸಿ ಈ ಕಲ್ಲಿನದು, ಊರಾಚೆಯ ಸಿಮೆಂಟ್ ಕಾರ್ಖಾನೆಗಳು ನುಂಗುವುದು ಈ ಕಲ್ಲನ್ನು, ಸನ್ನತಿಯ ಬಳಿ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಶಿಲ್ಪಿಗಳು ಬಳಸಿದ್ದೂ ಸುಣ್ಣಕಲ್ಲನ್ನೇ. ಇಂಥ ಊರಿನ ಮಕ್ಕಳಿಗೆ, ಈ ಕಲ್ಲಿನ ರಾಸಾಯನಿಕ ಹೆಸರಾದ ಕ್ಯಾಲ್ಸಿಯಂ ಕಾರ್ಬೋನೇಟ್ ಎಂಬುದು ಬರೀ ಅಕ್ಷರಗಳ ಸಾಲಾಗಿ ಉಳಿಯುವುದು ನನಗೆ ಸಹಿಸಲಾಗಲಿಲ್ಲ. ಹಾಗಾಗಿ ಪರೀಕ್ಷೆಗೆ ಮುಂಚಿನ ಒಂದು ಭಾನುವಾರದ ವಿಶೇಷ ತರಗತಿಯನ್ನು ಪೂರ್ತಿಯಾಗಿ ಈ ಕಲ್ಲಿಗೇ ಕೊಟ್ಟು, ಅದು ಎಲ್ಲೆಲ್ಲಿ ಹೋಗುತ್ತದೋ ಅಲ್ಲಲ್ಲಿಗೆ ಪಠ್ಯಪುಸ್ತಕವನ್ನು ತೆರೆಯುವುದೆಂದು ನಿಶ್ಚಯಿಸಿದೆ.

ಮೊದಲು ಕರಿಹಲಗೆಯ ಮೇಲೆ ಕಲ್ಲನ್ನು ಕಾಸುವ ಸಮೀಕರಣವನ್ನೇ ಬರೆದು, ಅದರ ಕೆಳಗೆ ಪರಮಾಣುಗಳ ತೂಕಗಳನ್ನು ಬರೆಯಿಸಿದೆ. ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ ಸೇರಿ 48, ಒಟ್ಟು 100. ಅಂದರೆ 100 ಗ್ರಾಂ ಶುದ್ಧ ಸುಣ್ಣಕಲ್ಲು ಸಂಪೂರ್ಣ ಸುಟ್ಟರೆ ಉಳಿಯುವ ಸುಟ್ಟ ಸುಣ್ಣ 56 ಗ್ರಾಂ, ಗಾಳಿಗೆ ಹೋಗುವ ಅನಿಲ 44 ಗ್ರಾಂ. ಎರಡನ್ನೂ ಕೂಡಿಸಿ ರಾಶಿ ಸಂರಕ್ಷಣಾ ನಿಯಮವನ್ನು ಹೇಳುವಷ್ಟರಲ್ಲಿ, ತರಗತಿಯಲ್ಲಿ ಅಷ್ಟಾಗಿ ಮಾತನಾಡದ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ನಮ್ಮ ಮುತ್ಯಾ ಸುಣ್ಣದ ಭಟ್ಟ್ಯಾಗ ಕೆಲಸ ಮಾಡ್ತಿದ್ದ ರೀ. ಕಲ್ಲು ಹಾಕೋವಾಗ ಬುಟ್ಟಿ ಎತ್ತಲಿಕ್ಕೆ ಇಬ್ಬರು ಬೇಕು, ಸುಟ್ಟ ಮ್ಯಾಲ ಒಬ್ಬನೇ ಎತ್ತಬಹುದು ಅಂತ ಹೇಳ್ತಿದ್ದ” ಎಂದಳು. ಆ ಮುದುಕನ ಮಾತು 44 ಗ್ರಾಮಿನ ಲೆಕ್ಕವೇ ಆಗಿತ್ತು. 1756 ರಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಪ್ರಕಟಿಸಿದ ಪ್ರಯೋಗಗಳೂ ಸುಟ್ಟಾಗ ತೂಕ ಕಳೆದುಕೊಳ್ಳುವ ಇಂಥ ಪದಾರ್ಥಗಳ ಬಗೆಗಿನವೇ. ಕಳೆದುಹೋದ ತೂಕ ಕಲ್ಲಿನೊಳಗೆ ಹಿಡಿದಿಟ್ಟಿದ್ದ ಒಂದು ಅನಿಲದ್ದು ಎಂದು ತೋರಿಸಿ, ಅದನ್ನು, ಅಂದರೆ ಇಂದಿನ ಕಾರ್ಬನ್ ಡೈಆಕ್ಸೈಡನ್ನು, ಅವನು ಸ್ಥಿರ ವಾಯು ಎಂದು ಕರೆದ. ಇದನ್ನು ಹೇಳಿದಾಗ ಆ ಹುಡುಗಿಯ ಮುಖ ಅರಳಿದ್ದನ್ನು ನೋಡಿ, ಆ ದಿನದ ಉಳಿದ ಪಾಠವನ್ನು ಮಕ್ಕಳ ಮನೆಯ ಮಾತಿನಿಂದಲೇ ಎತ್ತಿಕೊಳ್ಳಬೇಕೆಂದುಕೊಂಡೆ.

ಆಮೇಲೆ ನೀರು. ಸುಟ್ಟ ಸುಣ್ಣಕ್ಕೆ ನೀರು ಸೇರಿಸುವುದು ಸಂಯೋಗ ಕ್ರಿಯೆಗೂ ಬಹಿರುಷ್ಣಕ ಕ್ರಿಯೆಗೂ ಪುಸ್ತಕ ಕೊಡುವ ಉದಾಹರಣೆ, ಮಕ್ಕಳೆಲ್ಲರೂ ಅದನ್ನು ಬರೆಯಬಲ್ಲರು, ಆದರೆ ಹತ್ತಿರದಿಂದ ನೋಡಿದವರು ಕಡಿಮೆ. ಸುಣ್ಣದ ನೀರು ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದಾದ್ದರಿಂದ ಮಕ್ಕಳನ್ನು ದೂರ ನಿಲ್ಲಿಸಿ, ನಾನು ಕನ್ನಡಕ ಹಾಕಿಕೊಂಡು, ಸ್ಟೀಲಿನ ಪಾತ್ರೆಯಲ್ಲಿ ನಿಂಬೆಹಣ್ಣಿನ ಗಾತ್ರದ ಎರಡು ತುಂಡುಗಳನ್ನಿಟ್ಟು ಸ್ವಲ್ಪ ಸ್ವಲ್ಪವೇ ನೀರು ಬಿಟ್ಟೆ. ಕೆಲವು ಕ್ಷಣ ಏನೂ ಆಗಲಿಲ್ಲ; ಕಲ್ಲು ನೀರನ್ನು ಹೀರಿಕೊಂಡು ಸುಮ್ಮನಿತ್ತು. ಬಳಿಕ ಸಣ್ಣಗೆ ಸುಯ್ಯೆನ್ನುವ ಸದ್ದು, ಮೈಮೇಲೆ ಕೂದಲೆಳೆಯಂಥ ಬಿರುಕುಗಳು, ಬಿರುಕಿನಿಂದ ಹಬೆ, ನೋಡನೋಡುತ್ತಿದ್ದಂತೆ ಗಟ್ಟಿ ತುಂಡು ಒಡೆದು, ಊದಿಕೊಂಡು, ಬಿಳಿ ಹಿಟ್ಟಾಯಿತು. ಥರ್ಮಾಮೀಟರು 80 ಡಿಗ್ರಿ ದಾಟಿದ್ದನ್ನು ಓದಿ ಹೇಳಿದಾಗ ಒಬ್ಬ ಹುಡುಗ, ಕೆಳಗೆ ಬೆಂಕಿಯೇ ಇಲ್ಲವಲ್ಲ ಎಂದು ಪಾತ್ರೆಯ ಅಡಿಯನ್ನು ಬಗ್ಗಿ ನೋಡಿದ. ಕಲ್ಲನ್ನು ಸುಡಲು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನ ಭಟ್ಟಿ ಬೇಕಾಗುತ್ತದೆ, ಅದು ಉಷ್ಣವನ್ನು ಹೀರಿಕೊಳ್ಳುವ ಅಂತರುಷ್ಣಕ ಕ್ರಿಯೆ. ನೀರು ಸೇರಿಸಿದಾಗ ಉಷ್ಣ ಹೊರಬರುತ್ತದೆ. ಎರಡು ವ್ಯಾಖ್ಯಾನಗಳನ್ನು ಬೇರೆ ಬೇರೆ ಬಾಯಿಪಾಠ ಮಾಡುವುದಕ್ಕಿಂತ ಒಂದೇ ಕಲ್ಲಿನ ಈ ಎರಡು ಘಟ್ಟಗಳನ್ನು ನೆನಪಿಡುವುದು ಎಷ್ಟೋ ಸುಲಭ.

ಹಿಂದಿನ ದಿನವೇ ಕದಡಿಟ್ಟಿದ್ದ ಸುಣ್ಣದ ತಿಳಿನೀರನ್ನು ಪ್ರನಾಳಗಳಿಗೆ ಬಗ್ಗಿಸಿ ಕೊಟ್ಟೆ. ಹೀರಬಾರದು, ಊದಬೇಕು ಎಂದು ಎಚ್ಚರಿಸಿ ಸ್ಟ್ರಾ ಕೊಟ್ಟಾಗ ಒಬ್ಬೊಬ್ಬರ ತಿಳಿನೀರೂ ಹಾಲಿನಂತಾಯಿತು. ಉಸಿರಿನ ಕಾರ್ಬನ್ ಡೈಆಕ್ಸೈಡ್ ಸೇರಿ ಮೂಡಿದ ಆ ಬಿಳುಪು ಮತ್ತೇನಲ್ಲ, ನಾವು ಬೆಳಗ್ಗೆ ಹೊರಟ ಕ್ಯಾಲ್ಸಿಯಂ ಕಾರ್ಬೋನೇಟೇ ಎಂದೆ. ಮನೆಯ ಗೋಡೆಗೆ ಹಚ್ಚಿದ ಸುಣ್ಣ ಮೊದಲ ದಿನ ಮಂಕಾಗಿದ್ದು ಎರಡು ಮೂರು ದಿನಗಳಲ್ಲಿ ಹೊಳಪಾಗುವುದೂ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅದನ್ನು ಹೀಗೆಯೇ ತೆಳುವಾದ ಕಲ್ಲಿನ ಪದರವಾಗಿ ಮಾಡುವುದರಿಂದ. ಹೀಗೆ ಮೂರು ಸಮೀಕರಣಗಳು ಕರಿಹಲಗೆಯ ಮೇಲೆ ಸುತ್ತು ಪೂರೈಸಿದವು. ನಾಲ್ಕನೆಯದನ್ನು ತೋರಿಸಲು ಉಸಿರಿನ ಬಲ ಸಾಲದಾದ್ದರಿಂದ, ಅಮೃತಶಿಲೆಯ ಚೂರಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಹೊರಟ ಅನಿಲವನ್ನು ಬಾಗಿದ ನಳಿಕೆಯಿಂದ ಅದೇ ಹಾಲಿನಂಥ ನೀರಿಗೆ ಹಾಯಿಸುತ್ತ ಹೋದೆ. ಬಿಳುಪು ಮೆಲ್ಲಗೆ ಕರಗಿ ನೀರು ಮತ್ತೆ ತಿಳಿಯಾಯಿತು, ಏಕೆಂದರೆ ಈಗ ಅದರಲ್ಲಿರುವುದು ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಬೈಕಾರ್ಬೋನೇಟ್. ಆಮ್ಲದಿಂದ ಬಂದ ಅನಿಲ ಯಾವುದೆಂದು ನಾನು ಹೇಳಬೇಕಾಗಲಿಲ್ಲ.

ಆ ಆಮ್ಲದ ಸಮೀಕರಣವನ್ನು ಸರಿದೂಗಿಸುವಾಗ ಹೈಡ್ರೋಕ್ಲೋರಿಕ್ ಆಮ್ಲದ ಮುಂದೆ 2 ಏಕೆ ಬರುತ್ತದೆ ಎಂದು ಕೇಳಿದೆ. “ಹಂಗೇ ಬರೀಬೇಕು ರೀ” ಎಂಬ ಉತ್ತರ ಬಂತು. ಕ್ಯಾಲ್ಸಿಯಂನ ಎಲೆಕ್ಟ್ರಾನ್ ವಿನ್ಯಾಸ 2, 8, 8, 2. ಕೊನೆಯ ಕವಚದ ಎರಡನ್ನು ಅದು ಬಿಟ್ಟುಕೊಡುತ್ತದೆ, ಒಂದು ಕ್ಲೋರಿನ್ ತೆಗೆದುಕೊಳ್ಳುವುದು ಒಂದನ್ನು ಮಾತ್ರ, ಹಾಗಾಗಿ ಎರಡು ಕ್ಲೋರಿನ್ ಬೇಕು, ಎರಡು ಆಮ್ಲದ ಅಣುಗಳೂ ಬೇಕು. ಲೋಹಗಳ ಅಧ್ಯಾಯದ ಅಯಾನಿಕ ಬಂಧ ಇಲ್ಲಿಯೇ ಮುಗಿಯಿತು. ಅದೇ ಅಧ್ಯಾಯದ ಇನ್ನೆರಡು ವಿಷಯಗಳನ್ನೂ ಬೇಗ ಮುಟ್ಟಿದೆ: ಕ್ಯಾಲ್ಸಿಯಂ ಲೋಹ ನೀರಿನಲ್ಲಿ ತೇಲುವುದು ಹೈಡ್ರೋಜನ್ ಗುಳ್ಳೆಗಳು ಅದರ ಮೈಗೆ ಅಂಟುವುದರಿಂದ, ಕ್ರಿಯಾಶೀಲತೆಯ ಸರಣಿಯಲ್ಲಿ ಅದು ಸೋಡಿಯಂನ ಕೆಳಗೆ, ಮೆಗ್ನೀಸಿಯಂನ ಮೇಲೆ ಇರುವುದರಿಂದ ಅದನ್ನು ಇದ್ದಿಲಿನಿಂದ ಅಪಕರ್ಷಿಸಲಾಗದೆ, ಅಂದರೆ ಆಕ್ಸೈಡಿನಿಂದ ಆಕ್ಸಿಜನ್ ಕಿತ್ತುಕೊಂಡು ಲೋಹ ಪಡೆಯಲಾಗದೆ, ಕರಗಿದ ಕ್ಲೋರೈಡನ್ನು ವಿದ್ಯುದ್ವಿಶ್ಲೇಷಣೆ ಮಾಡಿಯೇ ಪಡೆಯಬೇಕು.

ಆಮ್ಲ ಮತ್ತು ಪ್ರತ್ಯಾಮ್ಲಗಳಿಗೆ ಬಂದಾಗ ಲಿಟ್ಮಸ್ ಕಾಗದ ತೆಗೆಯುವ ಮುಂಚೆ ಅರಿಸಿನದ ನೀರಿಗೆ ಒಂದು ಚಿಟಿಕೆ ಸುಣ್ಣ ಹಾಕಿದೆ. ಹೆಣ್ಣುಮಕ್ಕಳು ಒಮ್ಮೆಗೇ “ಆರತಿ ನೀರು” ಎಂದರು. ಮದುಮಕ್ಕಳಿಗೆ, ಬಾಣಂತಿಗೆ ನಿವಾಳಿಸುವ ಆ ಕೆಂಪು ನೀರಿನಲ್ಲಿ ಸ್ವಾಭಾವಿಕ ಸೂಚಕವೊಂದು ಕೆಲಸ ಮಾಡುತ್ತಿದೆ. ಅದಕ್ಕೆ ನಿಂಬೆರಸ ಹಿಂಡಿದರೆ ಹಳದಿ ಮರಳುತ್ತದೆ, ತಟಸ್ಥೀಕರಣ ಕಣ್ಣಿಗೇ ಕಾಣುತ್ತದೆ. ನೀರು ಸೇರಿ ಅರಳಿದ ಸುಣ್ಣದ ಮೇಲೆ ಕ್ಲೋರಿನ್ ಹಾಯಿಸಿದರೆ ಚೆಲುವೆ ಪುಡಿ, ಅಂದರೆ ಬ್ಲೀಚಿಂಗ್ ಪೌಡರ್, ಆ ಕ್ಲೋರಿನ್ ಬರುವುದು ಉಪ್ಪಿನ ದ್ರಾವಣದಿಂದ. ಜಿಪ್ಸಮ್ಮನ್ನು 373 ಕೆಲ್ವಿನ್‌ಗೆ ಕಾಸಿದರೆ ಪ್ಲಾಸ್ಟರ್ ಆಫ್ ಪ್ಯಾರಿಸ್; ಸಿಮೆಂಟ್ ಬೇಗ ಗಟ್ಟಿಯಾಗದಂತೆ ಬೆರೆಸುವುದೂ ಜಿಪ್ಸಮ್ಮನ್ನೇ ಎಂದಾಗ, ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳು ತಲೆಯಾಡಿಸಿದರು.

ಮಧ್ಯಾಹ್ನದ ಊಟದ ನಂತರ ಕಾರ್ಬನ್ ಅಧ್ಯಾಯದ ಸಾಬೂನು. ನಮ್ಮ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಸಾಬೂನು ಎಷ್ಟು ತಿಕ್ಕಿದರೂ ನೊರೆ ಬಾರದೆ ಬಿಳಿ ಕೆನೆಯಂಥದ್ದು ಬಕೆಟ್ಟಿನ ಅಂಚಿಗೆ ಅಂಟುತ್ತದೆ, ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಬೆಳಗ್ಗೆ ಪ್ರನಾಳದಲ್ಲಿ ತಿಳಿಯಾಗಿದ್ದ ಆ ಬೈಕಾರ್ಬೋನೇಟ್ ದ್ರಾವಣವನ್ನು ಕುದಿಸಿ ಮತ್ತೆ ಬಿಳಿಯಾಗುವುದನ್ನು ತೋರಿಸಿದಾಗ ಹಂಡೆಯ ಪದರ ಏನೆಂಬುದು ಅರ್ಥವಾಯಿತು. ಸಾಬೂನು ಉದ್ದ ಸರಪಳಿಯ ಕಾರ್ಬಾಕ್ಸಿಲಿಕ್ ಆಮ್ಲದ ಸೋಡಿಯಂ ಲವಣ. ಸೋಡಿಯಂನ ಜಾಗಕ್ಕೆ ಕ್ಯಾಲ್ಸಿಯಂ ಬಂದರೆ ಅದು ನೀರಿನಲ್ಲಿ ಕರಗದೆ ಕೆನೆಯಾಗುತ್ತದೆ. ವಾಷಿಂಗ್ ಸೋಡ ಹಾಕಿದರೆ ಕ್ಯಾಲ್ಸಿಯಂ ಕಾರ್ಬೋನೇಟಾಗಿ ತಳ ಸೇರುತ್ತದೆ, ನೀರು ಮೆದುವಾಗುತ್ತದೆ, ಅಲ್ಲಿ ನಡೆಯುವುದು ದ್ವಿಸ್ಥಾನಪಲ್ಲಟ, ಎರಡು ಲವಣಗಳು ತಮ್ಮ ಭಾಗಗಳನ್ನು ಅದಲುಬದಲು ಮಾಡಿಕೊಳ್ಳುವ ಕ್ರಿಯೆ.

ಎಲ್ಲವನ್ನೂ ಈ ಒಂದು ಕಲ್ಲಿನಿಂದ ಹೇಳಲಾಗದು, ಹೇಳಬಾರದು ಕೂಡ. ಬ್ಯೂಟೇನಿನ ಸಮಾಂಗಿಗಳು, ಬೆಂಜೀನ್ ಮತ್ತು ಸೈಕ್ಲೋಹೆಕ್ಸೇನ್‌ಗಳ ರಚನೆ, ಎಲೆಕ್ಟ್ರಾನ್ ಚುಕ್ಕಿ ವಿನ್ಯಾಸ, ಕ್ರಿಯಾ ಗುಂಪುಗಳ ಹೆಸರು, ಇವನ್ನು ಕೈಯಿಂದ ಬರೆದು ಬರೆದೇ ರೂಢಿಸಿಕೊಳ್ಳಬೇಕು. ಅದಕ್ಕೆ ಮುಂದಿನ ಸಂಜೆಗಳ ತರಗತಿಗಳನ್ನು ಮೀಸಲಿಟ್ಟೆ. ತಾಮ್ರದ ಶುದ್ಧೀಕರಣದ ಚಿತ್ರವನ್ನೂ ಹಾಗೆಯೇ, ಹೆಸರಿಸಿ ಬರೆಯುವ ಅಭ್ಯಾಸವಿಲ್ಲದೆ ಅಂಕ ಬರುವುದಿಲ್ಲ.

ದಿನದ ಕೊನೆಗೆ ಪ್ರಶ್ನೆಗಳನ್ನು ನಾನು ಕೊಡುವ ಬದಲು ಅವರೇ ಒಂದೊಂದು ಪ್ರಶ್ನೆ ಬರೆದು ಕೊಡಲಿ ಎಂದೆ. ಹೆಚ್ಚಿನವು ಪ್ರಶ್ನಕೋಠಿಯ ಧಾಟಿಯಲ್ಲೇ ಇದ್ದವು. ಮುತ್ಯಾನ ಮಾತು ಹೇಳಿದ ಹುಡುಗಿ ಬರೆದದ್ದು ಬೇರೆ: ಭಟ್ಟಿಯಲ್ಲಿ ಕಲ್ಲಿನಿಂದ ಹೋದ ಅನಿಲವನ್ನು ಗೋಡೆಯ ಸುಣ್ಣ ಗಾಳಿಯಿಂದ ಮತ್ತೆ ತೆಗೆದುಕೊಳ್ಳುವುದಾದರೆ, ಸಿಮೆಂಟ್ ಕಾರ್ಖಾನೆಯಿಂದ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚುತ್ತದೆ ಎಂದು ಏಕೆ ಹೇಳುತ್ತಾರೆ? ಯಾವ ನೀಲನಕ್ಷೆಯಲ್ಲೂ ಇಲ್ಲದ ಈ ಪ್ರಶ್ನೆಗಾಗಿ ಎಲ್ಲರನ್ನೂ ಇನ್ನೂ ಸ್ವಲ್ಪ ಹೊತ್ತು ಕೂರಿಸಿಕೊಂಡೆ. ಸುಣ್ಣ ಗಟ್ಟಿಯಾಗುವುದು ಕಾರ್ಬನ್ ಡೈಆಕ್ಸೈಡ್ ಹಿಡಿದು, ಸಿಮೆಂಟ್ ಗಟ್ಟಿಯಾಗುವುದು ಮುಖ್ಯವಾಗಿ ನೀರನ್ನು ಹಿಡಿದು. ಕಾಂಕ್ರೀಟ್ ಮುಂದೆ ಗಾಳಿಯಿಂದ ಆ ಅನಿಲವನ್ನು ಹೀರಿದರೂ ಅದು ವರ್ಷಗಟ್ಟಲೆ ನಿಧಾನವಾಗಿ, ಹೊರಮೈಯಿಂದ ಒಳಕ್ಕೆ ನಡೆಯುವ ಕೆಲಸ. ಭಟ್ಟಿಯನ್ನು ಕಾಯಿಸಲು ಉರಿಸಿದ ಕಲ್ಲಿದ್ದಲಿನ ಹೊಗೆಯಂತೂ ಕಲ್ಲಿನ 44 ಗ್ರಾಮಿನ ಲೆಕ್ಕಕ್ಕೇ ಸೇರಿಲ್ಲ, ಅದನ್ನು ಯಾವ ಗೋಡೆಯ ಸುಣ್ಣವೂ ಮರಳಿ ತೀರಿಸುವುದಿಲ್ಲ ಎಂದೆ. ಅವಳು ಅದನ್ನು ತನ್ನ ಪ್ರಶ್ನೆಯ ಕೆಳಗೆ ಬರೆದುಕೊಂಡು, ಕಲ್ಲಿದ್ದಲು ಉರಿಯುವ ಸಮೀಕರಣವನ್ನೂ ಪಕ್ಕದಲ್ಲಿ ತಾನೇ ಸೇರಿಸಿದಳು.